ಪಶ್ಚಿಮದ ಗೋಡೆಗೆ ಆರು ಕಿಟಕಿ

ಸುಭಾನನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಚಿತ್ರದುರ್ಗದಲ್ಲಿ ಮೂವತ್ತು ವರ್ಷದಿಂದ ಅಲ್ಯೂಮಿನಿಯಂ ಕೊಯ್ದು ಗಾಜು ಕೂರಿಸುತ್ತ ಬಂದವನು. ಅವನಿಗೆ ಕಿಟಕಿಯ ಬಗ್ಗೆ ಬುದ್ಧಿ ಹೇಳಲು ಬಂದ ಎಂಜಿನಿಯರುಗಳು ಸಾಮಾನ್ಯವಾಗಿ ಬೈಸಿಕೊಂಡೇ ಹೋಗುತ್ತಿದ್ದರು. ಆದರೆ ಅಂದು ಮಾರುತೇಶ ಎಂಬ ಎಂಜಿನಿಯರು ನಕ್ಷೆ ಬಿಡಿಸಿ, ಮೂರನೇ ಮಹಡಿಯ ಪಶ್ಚಿಮದ ಗೋಡೆಯ ಆರೂ ಕಿಟಕಿಗಳ ಮೇಲೆ ಕೆಂಪು ಗೀಟು ಎಳೆದಾಗ ಸುಭಾನನಿಗೆ ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು.

"ಇವು ಬ್ಯಾಡ ಸಾಬ್ರೇ. ಇಟ್ಟಿಗೆ ಕಟ್ಟಿ ಮುಚ್ಚಿಬಿಡಾಣ."

"ಯಾಕ್ ಸಾರ್, ಕಿಟಕಿ ಏನ್ ಮಾಡಿದ್ವು ನಿಮಗೆ?"

ಮಾರುತೇಶ ಸಮಾಧಾನದಿಂದಲೇ ವಿವರಿಸಿದ. ಹಿರಿಯೂರು ರಸ್ತೆಯಲ್ಲಿ ಏಳುತ್ತಿರುವ ಈ ಕಟ್ಟಡದಲ್ಲಿ ಕೆಳಗೆ ಅಂಗಡಿಗಳು, ನಡುವೆ ಲ್ಯಾಬು, ಮೇಲೆ ಡಯಾಲಿಸಿಸ್ ಕೇಂದ್ರ. ಇಷ್ಟು ಕರೆಂಟು ಎಳೆಯುವ ವಾಣಿಜ್ಯ ಕಟ್ಟಡಕ್ಕೆ ಇಂಧನ ಉಳಿತಾಯದ ನಿಯಮ ಅನ್ವಯಿಸುತ್ತದೆ. ಕಿಟಕಿಯಿಂದ ಒಳಗೆ ಬರುವ ಬಿಸಿಲಿನ ಕಾವಿಗೂ ಅದರಲ್ಲಿ ಒಂದು ಮಿತಿ. ಸಂಜೆಯ ಬಿಸಿಲು ಆರು ಕಿಟಕಿಗಳಲ್ಲಿ ನುಗ್ಗಿದರೆ ಆ ಮಿತಿ ದಾಟುತ್ತದೆ, ಕಟ್ಟಡಕ್ಕೆ ಒಪ್ಪಿಗೆ ಸಿಗುವುದಿಲ್ಲ. ಗೋಡೆಯೇ ಆದರೆ ತಕರಾರಿಲ್ಲ.

"ಕೇಂದ್ರ ನಡೆಸೋ ಡಾಕ್ಟ್ರು ರವೀಂದ್ರ ಸಾರೂ ಹೂಂ ಅಂದಾರೆ. ಮಿಷನ್ನಿಗೆ ಹಾಕಿ ಮಲಗಿಸಿದ ಪೇಶಂಟಿಗೆ ಕಿಟಕಿ ಕಟ್ಕೊಂಡು ಏನಾಗ್ಬೇಕ್ರಿ?"

ಆ ಕೊನೆಯ ಮಾತೊಂದನ್ನು ಅವನು ಆಡಬಾರದಿತ್ತು. ಪಾಪ, ಅವನಿಗೇನು ಗೊತ್ತು.

ಸುಭಾನನ ಹೆಂಡತಿ ಅಕ್ತರ್ ಬೀಗೆ ಕಿಡ್ನಿ ಕೆಟ್ಟು, ಮೂರು ವರ್ಷ ಡಯಾಲಿಸಿಸ್ ನಡೆದಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು. ಊರೊಳಗಿನ ಆ ಹಳೆಯ ಕೇಂದ್ರದ ಕೋಣೆಗೆ ಕಿಟಕಿಯೇ ಇರಲಿಲ್ಲ; ಹಗಲೂ ಟ್ಯೂಬ್‌ಲೈಟು. ಸುಭಾನ್ ಅವಳನ್ನು ಬೈಕಿನಲ್ಲಿ ತಂದು ಬಿಟ್ಟು, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಗಿರಾಕಿಗಳಿಗೆ ಫೋನು ಹಚ್ಚುತ್ತಿದ್ದ. ರೋಗಿಗಳನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡುವುದಿಲ್ಲ ಎಂಬುದು ಅವನ ತಿಳಿವಳಿಕೆ. ನಾಲ್ಕು ತಾಸು ಕಳೆದು ಹೊರಬಂದ ಅಕ್ತರ್ ಬೀ ಬೈಕಿನ ಹಿಂದೆ ಕೂತು, ಸೋತ ಕೈಯಿಂದ ಅವನ ಅಂಗಿ ಹಿಡಿದು ಕೇಳುತ್ತಿದ್ದಳು: ಹೊರಗೆ ಏನಾಯ್ತು, ಮೋಡ ಇತ್ತಾ, ಯಾರು ಸಿಕ್ಕಿದ್ದರು? "ಏನೂ ಇಲ್ಲ" ಎಂದು ಗಾಡಿ ಓಡಿಸುತ್ತಿದ್ದ.

ಅವಳು ತೀರಿಹೋಗಿ ಒಂದು ವರ್ಷ ಎಂಟು ತಿಂಗಳು. ಈಗ ಮನೆಗೆ ಹೋದರೆ ಬೈಯಲಿಕ್ಕೂ ಜನವಿಲ್ಲ, ಟಿ.ವಿ.ಯಲ್ಲಿ ವಾರ್ತೆ ಓದುವವಳಿಗೆ ಬೈದು ಮಲಗುತ್ತಿದ್ದ. ಅಂಥ ಹೊತ್ತಿನಲ್ಲೇ ಒಂದು ಯೋಚನೆ ಅವನನ್ನು ಹಿಡಿದುಕೊಂಡಿತ್ತು. ಊರಿಗೆಲ್ಲ ಕಿಟಕಿ ಇಟ್ಟ ತಾನು ಹೆಂಡತಿಯ ಕಣ್ಣಿಗೆ ಒಂದು ಕಿಟಕಿ ಕೊಡಲಿಲ್ಲ. ಹೊರಗಿನದೇನೂ ಕಾಣದೆ ಅವಳು ಅಲ್ಲಿ ಕೊರಗಿದಳು. ಹೊಸ ಕೇಂದ್ರದ ಕೆಲಸ ಸಿಕ್ಕಾಗ ಅವನು ಒಪ್ಪಿಕೊಂಡದ್ದೇ ಆ ಆರು ಕಿಟಕಿಗಳಿಗಾಗಿ. ಪಶ್ಚಿಮಕ್ಕೆ ಬೆಟ್ಟದ ಸಾಲು ಕಾಣುತ್ತದೆ, ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಅಲ್ಲಿ ಗೋಡೆ ಎದ್ದರೆ ಇನ್ನೊಂದು ಟ್ಯೂಬ್‌ಲೈಟಿನ ಕೋಣೆ, ಅಷ್ಟೇ.

"ಎಂಟು ದಿನ ಟೈಮ್ ಕೊಡ್ರಿ ಸಾರ್. ಬಿಸಿಲು ಬಿಡದೇ ಇರೋ ಕಿಟಕಿ ತಂದು ತೋರಿಸ್ತೀನಿ. ಆಗಲಿಲ್ಲಾಂದ್ರೆ ನಾನೇ ಇಟ್ಟಿಗೆ ಹೊರ್ತೀನಿ."

ಮಾರುತೇಶ ನಕ್ಕು ಒಪ್ಪಿದ.

ಐವತ್ತೆಂಟನೇ ವಯಸ್ಸಿನಲ್ಲಿ ಸುಭಾನ್ ಪಾಠಕ್ಕೆ ಕೂತ. ಗಾಜಿನ ಕಂಪನಿಗಳ ಪುಸ್ತಕ ತರಿಸಿ, ಅರ್ಥವಾಗದ್ದಕ್ಕೆ ಮಾರುತೇಶನ ಪ್ರಾಣ ತಿಂದು, ಕೊನೆಗೆ ಮೂರು ಅಂಕಿಗಳ ಮರ್ಮ ಹಿಡಿದ. ಬಿಸಿಲಿನ ಕಾವಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದೊಂದು. ಹೊರಗಿನ ಗಾಳಿಯ ಸೆಕೆ ಗಾಜು, ಚೌಕಟ್ಟುಗಳ ಮೂಲಕ ಎಷ್ಟು ದಾಟುತ್ತದೆ ಎಂಬುದೊಂದು. ಇನ್ನೊಂದು, ಬೆಳಕು ಎಷ್ಟು ಬರುತ್ತದೆ. ಮೊದಲಿನ ಎರಡು ಕಡಿಮೆ ಇರಬೇಕು, ಮೂರನೆಯದು ತೀರ ಕಡಿಮೆಯಾಗಬಾರದು. ಊರಲ್ಲೆಲ್ಲ ಹಾಕುವ ಕಪ್ಪು ಗಾಜು ಬಿಸಿಲನ್ನೇನೋ ತಡೆಯುತ್ತಿತ್ತು. ಆದರೆ ಅದರ ಹಿಂದೆ ಕೂತವರಿಗೆ ನಡುಮಧ್ಯಾಹ್ನವೂ ಮುಸ್ಸಂಜೆ. ಬರೀ ಬಿಳಿ ಗಾಜು ಬೆಳಕಿನ ಜೊತೆ ಬೆಂಕಿಯನ್ನೂ ತರುತ್ತಿತ್ತು. ಕೊನೆಗೆ ಮನಸ್ಸಿಗೆ ಬಂದದ್ದು ಜೋಡಿ ಗಾಜು. ಎರಡು ಗಾಜುಗಳ ನಡುವೆ ಬೆರಳಿನಷ್ಟು ಸಂದು, ಹೊರಗಿನ ಗಾಜಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆ ಲೇಪ. ತಾರಸಿಯ ಬಿಸಿಲಲ್ಲಿ ಅದನ್ನು ನಿಲ್ಲಿಸಿ ಹಿಂದೆ ಅಂಗೈ ಹಿಡಿದ. ಬೆಳಕು ಬಿತ್ತು, ಚುರುಕು ಮುಟ್ಟಲಿಲ್ಲ. ಯಾರಿಗಾದರೂ ತೋರಿಸಬೇಕೆನಿಸಿತು. ತಾರಸಿಯಲ್ಲಿ ಯಾರೂ ಇರಲಿಲ್ಲ.

ಆದರೂ ಲೆಕ್ಕ ಕೂದಲೆಳೆಯಷ್ಟು ಮಿತಿ ದಾಟಿತು. ಮಾರುತೇಶನೇ ದಾರಿ ಹೇಳಿದ: ಕಿಟಕಿಗೆ ನೆರಳಿದ್ದರೆ ನಿಯಮದಲ್ಲಿ ಗಾಜಿಗೆ ಸ್ವಲ್ಪ ರಿಯಾಯಿತಿ ಉಂಟು. ಮೇಲೊಂದು ಸಜ್ಜ, ಎರಡೂ ಪಕ್ಕಕ್ಕೆ ಚಾಚಿದ ಪಟ್ಟಿ. ಅದನ್ನು ಸೇರಿಸಿದ ಮೇಲೆ ಕಾಗದ ಪಾಸಾಯಿತು.

"ಗೆದ್ರಲ್ಲ ಸಾಬ್ರೇ."

"ಇನ್ನೊಂದ್ ಐತೆ ಸಾರ್. ಕಿಟಕಿ ಒಂದಡಿ ಕೆಳಗಿಳಿಸ್ರಿ. ಅಳತೆ ಅಷ್ಟೇ ಇರ್ಲಿ. ನಿಂತೋರಿಗಲ್ಲ ಇದು, ಮಲಗಿದೋರಿಗೆ." ಹೇಳುತ್ತಲೇ ಅವನು ಸಿಮೆಂಟಿನ ಧೂಳಿನ ಮೇಲೆ ಒಂದು ಕುರ್ಚಿ ಎಳೆದು, ರೋಗಿಯಂತೆ ಹಿಂದಕ್ಕೊರಗಿ ತೋರಿಸಿದ. ಮಾರುತೇಶ ಈ ಸಲ ನಗಲಿಲ್ಲ, ನಕ್ಷೆ ತಿದ್ದಿದ.

ಕಿಟಕಿ ಕೂರಿಸಿದ ವಾರ ಆದದ್ದು ಮಾತ್ರ ಸುಭಾನನೇ ಹೇಳಿಕೊಳ್ಳಲು ನಾಚುವ ಕಥೆ. ಗಾಜಿನ ಕೆಲಸದಲ್ಲಿ ಅವನದೊಂದು ರೂಢಿಯಿತ್ತು. ಕಂಪನಿಯ ಚೀಟಿ ಯಾವತ್ತೂ ಒಳಮುಖ. ಉದ್ಘಾಟನೆಯ ದಿನ ಮಾಲೀಕ ಒಳಗೆ ನಿಂತು ಹೆಸರು ಓದಿ, ಅಸಲಿ ಮಾಲು ಎಂದು ತಲೆಯಾಡಿಸಬೇಕಲ್ಲ. ಕೈಗೆ ಅಂಟಿದ ಆ ರೂಢಿಯಲ್ಲೇ ಆರೂ ಗಾಜುಗಳನ್ನು ಚೀಟಿ ಒಳಮುಖ ಮಾಡಿ ಕೂರಿಸಿದ. ಮರುದಿನ ಸಂಜೆ ನಾಲ್ಕಕ್ಕೆ ಹೋಗಿ ನಿಂತರೆ ಕೋಣೆಯಲ್ಲಿ ಕಾವು! ಲೈಟರ್ ಹಚ್ಚಿ ಗಾಜಿನ ಮುಂದೆ ಹಿಡಿದ. ಜೋಡಿ ಗಾಜಿಗೆ ನಾಲ್ಕು ಮೈ; ಜ್ವಾಲೆಯೂ ನಾಲ್ಕಾಗಿ ಕಾಣುತ್ತದೆ, ಲೇಪವಿರುವ ಮೈಯಲ್ಲಿ ಅದರ ಬಣ್ಣ ಬೇರೆ. ಒಳಗಿನಿಂದ ಮೂರನೆಯದಾಗಿ ಕಾಣಬೇಕಿದ್ದ ಕೆಂಬಣ್ಣದ ಜ್ವಾಲೆ ಎರಡನೆಯದಾಗಿ ಕಂಡಿತು. ಈ ಗಾಜಿನ ಚೀಟಿ ಹೊರಮುಖ ಇರಬೇಕಿತ್ತು. ಬಿಸಿಲನ್ನು ಹೊರಗಿನ ಗಾಜಿನಲ್ಲೇ ತಡೆಯಬೇಕಾದ ಲೇಪವನ್ನು ಅವನು ಒಳಗಿನ ಗಾಜಿಗೆ ತಂದಿಟ್ಟಿದ್ದ.

ತಪಾಸಣೆಗೆ ಮೂರು ದಿನವಿತ್ತು. ಅದರಲ್ಲಿ ಬಿದ್ದರೆ ಇಟ್ಟಿಗೆಯೇ ಗತಿ. ಸುಭಾನ್ ಯಾರ ಮೇಲೂ ರೇಗಲಿಲ್ಲ. ಕೆಲಸದವರನ್ನು ಹೊರಗಿನ ಅಟ್ಟಣೆಯ ಮೇಲೆ ನಿಲ್ಲಿಸಿ, ಒಂದೊಂದೇ ಗಾಜು ಬಿಡಿಸಿ, ತಿರುಗಿಸಿ, ಮತ್ತೆ ಅಂಟು ತುಂಬಿದ. ಮೂರನೇ ದಿನ ತಪಾಸಣೆಗೆ ಬಂದವರು ಕಾಗದ ನೋಡಿ, ಗಾಜು ನೋಡಿ, ಸಹಿ ಹಾಕಿ ಹೋದರು.

ಕೇಂದ್ರ ಶುರುವಾದ ಎರಡನೇ ವಾರ, ಒಂದು ಕಿಟಕಿಯ ಬೀಗ ಬಿಗಿಯಾಗಿದೆಯೆಂದು ಕರೆ ಬಂತು. ಕರೆಯದಿದ್ದರೂ ಅವನು ಹೋಗುತ್ತಿದ್ದ. ಕೋಣೆ ಅವನು ಅಂದುಕೊಂಡ ಹಾಗೇ ಇತ್ತು. ತಂಪು, ಬೆಳಕು, ಆರು ಕಿಟಕಿಗಳ ತುಂಬ ಬೆಟ್ಟ. ಸುಭಾನ್ ಒಂದೊಂದೇ ಕಿಟಕಿಯ ಮುಂದೆ ನಿಂತು ನೋಡಿದ.

ಎಲ್ಲ ಕುರ್ಚಿಗಳೂ ಕಿಟಕಿಗೆ ಮುಖ ಮಾಡಿದ್ದವು, ಒಂದನ್ನು ಬಿಟ್ಟು. ತಾಳ್ಯದ ಕಡೆಯ ಏಕನಾಥಮ್ಮ ಎಂಬ ಮುದುಕಿಯೊಬ್ಬಳು ಕಿಟಕಿಗೆ ಬೆನ್ನು ಹಾಕಿ ಮಲಗಿದ್ದಳು. ಕೈಯ ನಳಿಗೆಗಳಲ್ಲಿ ರಕ್ತ ಓಡುತ್ತಿತ್ತು. ಅವನಿಗೆ ಒಳಗೇ ಸಿಟ್ಟೆದ್ದಿತು.

"ಯಾಕಮ್ಮ, ಈ ಕಡೆ ತಿರುಗಿಸ್ಲಿಲ್ವಾ? ಚೆನ್ನಾಗಿ ಕಾಣ್ತದೆ ನೋಡ್ರಿ."

"ಕಿಟಕಿ ಚೆಂದ ಐತೆ ಬಿಡಪ್ಪ," ಎಂದಳು ಮುದುಕಿ. "ನಾನೇ ತಿರುಗಿಸ್ಕಂಡೀನಿ. ಸೊಸೆ ಬಿಂದು ಮಾತ್ರೆ ತರಾಕ್ ಹೋಗ್ಯಾಳೆ. ಅವಳು ಬರೋದು ಬಾಗಿಲಾಗೆ ಅಲ್ವೇನಪ್ಪ?"

ಅಲ್ಲೇ ನಿಂತಿದ್ದ ನರ್ಸ್ ಚಂದ್ರಕ್ಕ ನಕ್ಕಳು. ಹಳೆಯ ಕೇಂದ್ರದಿಂದ ಇಲ್ಲಿಗೆ ಬಂದವಳು, ಸುಭಾನನ ಗುರುತಿತ್ತು. "ಅಕ್ತರ್ ಬೀ ಅವರೂ ಹಿಂಗೇ. ನಾಲ್ಕು ತಾಸೂ ಬಾಗಿಲ ಕಡೆ ಮುಖ."

"ಅಲ್ಲಿ ಬೇರೆಯೋರನ್ನ ಒಳಗೆ ಬಿಡ್ತಿರ್ಲಿಲ್ಲ ಅಲ್ವಾ ಸಿಸ್ಟರ್?" ಎಂದ ಸುಭಾನ್. ಹೌದು ಅನ್ನಲಿ ಎಂದು ಅವನ ಜೀವವೆಲ್ಲ ಕಾಯುತ್ತಿತ್ತು.

"ಬಿಡ್ತಿದ್ವಲ್ಲ. ಒಬ್ಬರಿಗೆ ಸ್ಟೂಲ್ ಹಾಕ್ತಿದ್ವಿ. ನಿಮ್ಮನ್ನ ಕರೀತೀನಿ ಅಂದ್ರೆ ಅವರೇ ಬ್ಯಾಡ ಅನ್ನೋರು. ಅವರಿಗೆ ಕೆಲಸ ಐತೆ, ಬರೋದಾದ್ರೆ ಅವರೇ ಬರ್ತಾರೆ ಅನ್ನೋರು."

ಸುಭಾನ್ ಬೀಗ ಸಡಿಲಿಸಿದ. ಎರಡು ಸಲ ತೆಗೆದು ಹಾಕಿ ನೋಡಿದ. ಅಷ್ಟರಲ್ಲಿ ಬಿಂದು ಬಂದಳು. ಮುದುಕಿಯ ಮುಖ ಅರಳಿತು. ಮೂರು ವರ್ಷ, ವಾರಕ್ಕೆ ಮೂರು ದಿನ, ಹಳೆಯ ಕೇಂದ್ರದ ಆ ಬಾಗಿಲಲ್ಲಿ ತಾನು ಬರಲಿಲ್ಲ. ಅಕ್ತರ್ ಬೀಗೆ ಬೇಕಾಗಿದ್ದದ್ದು ಮೋಡವಲ್ಲ, ಮೋಡದ ಸುದ್ದಿ ಹೇಳುವವನು. ಒಳಗೆ ಬಾ ಎಂದು ಒಂದು ದಿನವೂ ಬಾಯಿಬಿಟ್ಟು ಕೇಳದ ಅವಳ ಮೇಲೆ, ಕೇಳಿಸಿಕೊಳ್ಳದ ತನ್ನ ಮೇಲೆ ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು.

ಕೆಳಗಿಳಿದು ಬಂದರೆ, ಕಟ್ಟಡದ ನೆರಳಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಒಬ್ಬ ನಡುವಯಸ್ಸಿನವನು ಮೊಬೈಲು ನೋಡುತ್ತ ಕೂತಿದ್ದ.

"ಮ್ಯಾಲೆ ಯಾರದಾರೆ ನಿಮ್ಮೋರು?" ಎಂದು ಸುಭಾನ್ ಕೇಳಿದ.

"ನಮ್ಮ ಮನೆಯೋರು. ಇನ್ನೂ ಎರಡು ತಾಸು ಆಗ್ತದಂತೆ."

"ಒಳಗೆ ಬಿಡ್ತಾರೆ, ಹೋಗ್ರಿ."

"ಪರವಾಗಿಲ್ಲ, ಇಲ್ಲೇ ಇರ್ತೀನಿ. ಅವಳೇನೂ ಕರೆದಿಲ್ಲ."

"ಕರೆಯಲ್ಲ ಕಣ್ರೀ ಅವರು! ಕರೆಯಲ್ಲ!" ಸುಭಾನನ ದನಿ ರಸ್ತೆಗೇ ಕೇಳಿಸಿತು. "ಏಳ್ರಿ ಮೊದ್ಲು. ಹೋಗಿ ಪಕ್ಕದಾಗ ಕುಂತ್ಕಳ್ರಿ."

ಗುರುತಿಲ್ಲದ ಮನುಷ್ಯ ಹೀಗೆ ರೇಗಿದ್ದಕ್ಕೆ ಬೆಪ್ಪಾಗಿ, ಆ ಗಂಡಸು ಮೊಬೈಲು ಜೇಬಿಗಿಳಿಸಿ ಮೆಟ್ಟಿಲು ಹತ್ತಿದ. ಅವನ ಹೆಜ್ಜೆಯ ಸದ್ದು ಮೂರನೇ ಮಹಡಿ ಮುಟ್ಟುವವರೆಗೂ ಸುಭಾನ್ ಕೆಳಗೇ ನಿಂತು ಕೇಳಿದ.