ಕೂತವಳನ್ನು ಎಬ್ಬಿಸಬಾರದು

ಅಮ್ಮ ಹೋದ ಮೇಲೆ ಅಣ್ಣನಿಗೆ ಮನೆ ಬಂತು, ನನಗೆ ಕೌದಿ ಬಂತು. ಮನೆಗೆ ಮೂರು ಕೋಣೆ, ಕೌದಿಗೆ ನಡುವೆ ಒಂದು ಬೋಳು ಜಾಗ. ಇದೆಂಥ ಹಂಚಿಕೆ ಎಂದು ಜಗಳ ತೆಗೆಯಬಹುದಿತ್ತು. ಬಾಯಿ ತೆರೆದರೆ ಇನ್ನೂ ಏನೇನು ಕೊರಳಿಗೆ ಬೀಳುತ್ತದೋ ಎಂದು ಸುಮ್ಮನಾದೆ.

ಕೌದಿ ಶುರುವಾದದ್ದು ಅಮ್ಮನ ಅಜ್ಜಿಯ ಕಾಲದಲ್ಲಿ. ಯುದ್ಧದ ದಿನಗಳು, ಬಟ್ಟೆಯನ್ನೂ ಪಡಿತರದಲ್ಲಿ ಅಳೆದು ಕೊಡುತ್ತಿದ್ದರಂತೆ. ಹಾಗಾಗಿ ಅದರಲ್ಲಿ ಸೈನಿಕನ ಕೋಟಿನ ತೋಳಿದೆ, ಅರ್ಧ ಅಕ್ಷರ ಅಳಿಸಿದ ಹಿಟ್ಟಿನ ಚೀಲವಿದೆ, ದೀಪ ಹೊರಗೆ ಕಾಣದಿರಲೆಂದು ಕಿಟಕಿಗೆ ಕಟ್ಟುತ್ತಿದ್ದ ಕಪ್ಪು ಪರದೆಯ ತುಂಡುಗಳಿವೆ. ಹೊಲಿಯುವ ರೀತಿಯೂ ಬೇರೆ. ನೆಲದ ಮೇಲೆ ಅಡಿಬಟ್ಟೆ ಹಾಸಿ, ಅದರ ನಟ್ಟನಡುವೆ ತಾನು ಕೂತು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ತೇಪೆ ಹಾಕುತ್ತಾ ಬರಬೇಕು. ಅಜ್ಜಿಯಿಂದ ಮಗಳಿಗೆ, ಮಗಳಿಂದ ನಮ್ಮಮ್ಮನಿಗೆ ಬಂದು, ಮೂರು ತಲೆಮಾರು ಹೊಲಿದೂ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗ ಹಾಗೇ ಉಳಿದಿತ್ತು.

ಕೌದಿಯ ಜೊತೆ ಒಂದು ಕಟ್ಟಳೆಯೂ ಬಂದಿತ್ತು. ಕೌದಿಯ ಮೇಲೆ ಕೂತವಳನ್ನು ಎಬ್ಬಿಸಬಾರದು. ಎಬ್ಬಿಸಿದರೆ ಕೈಯ ಸೂಜಿ ಪದರಗಳೊಳಗೆ ಕಳೆದುಹೋಗುತ್ತದೆ, ಆಮೇಲೆ ಯಾರ ಬೆನ್ನಿಗೆ ಚುಚ್ಚುತ್ತದೋ ಹೇಳಲಾಗದು. ಯಾರ ಮಾತಿಗೂ ಜಗ್ಗದ ಅಪ್ಪ ಈ ಸೂಜಿಗೆ ಹೆದರುತ್ತಿದ್ದ.

ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆಯವಳು. ಕೋಣೆ ನೆಲಮಾಳಿಗೆಯಲ್ಲಿದೆ. ಒಗೆದು ಬಂದ ಹಾಸುಬಟ್ಟೆಗಳ ಬಿಸಿಗೆ ಗೋಡೆಯೂ ಬೆವರುತ್ತದೆ. ಹರಿದ ಅಂಚು, ರೋಗಿಗಳ ಅಂಗಿಯ ಕಿತ್ತುಹೋದ ಲಾಡಿ, ಇವೇ ನನ್ನ ದಿನ. ಈಗ ಬೇರೆ ಊರಿನ ದೊಡ್ಡ ಆಸ್ಪತ್ರೆಯವರು ಮೇಲ್ವಿಚಾರಕಿಯಾಗಿ ಬಾ ಎಂದು ಕರೆದಿದ್ದರು. ಇರಲು ಒಂದು ಕೋಣೆ, ಆ ಕೋಣೆಗೆ ಒಂದು ಕಿಟಕಿ. ಸೋಮವಾರದೊಳಗೆ ಹೂಂ ಅನ್ನಬೇಕಿತ್ತು.

"ನೀನು ಹೋದ್ರೆ ಕೌದಿ ಗತಿ ಏನು ಗುಬ್ಬಿ?" ಎಂದ ಅಣ್ಣ. ನಲವತ್ತರ ಹೊಸ್ತಿಲಲ್ಲಿರುವ ನಾನು ಮನೆಯವರಿಗೆ ಇನ್ನೂ ಗುಬ್ಬಿಯೇ. ಅಣ್ಣನಿಗೆ ಡ್ರೈವಿಂಗ್ ಸ್ಕೂಲಿದೆ. ಊರಿನವರಿಗೆಲ್ಲ ಗಾಡಿ ಓಡಿಸಲು ಕಲಿಸುತ್ತಾನೆ, ಮನೆಗೆ ಬಂದರೆ ಅವನ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ. ಅವನ ಬಾಯಲ್ಲಿ ಕೌದಿ ಎಂದರೆ ಏನೇನು ಎಂದು ನನಗೆ ಗೊತ್ತಿತ್ತು. ಅವನ ಅಂಗಿಯ ಇಸ್ತ್ರಿ, ಕರೆಂಟ್ ಬಿಲ್ಲಿನ ಸಾಲು, ಅತ್ತಿಗೆಗೆ ತಲೆನೋವು ಬಂದ ದಿನದ ಅಡುಗೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾನು ಎಂದೋ ಹೋಗಿಬಿಡುತ್ತಿದ್ದೆ.

ನಾನೇ ಉಪಾಯ ಮಾಡಿ ಮ್ಯೂಸಿಯಂನವರಿಗೆ ಹೇಳಿಕಳಿಸಿದೆ. ಕೌದಿಗೊಂದು ಗತಿ ಕಾಣಿಸಿದರೆ ಅಣ್ಣನ ನೆಪಕ್ಕೂ ಗತಿ ಕಾಣಿಸಿದಂತೆ ಎಂಬುದು ನನ್ನ ಲೆಕ್ಕ. ಶನಿವಾರ ಬೆಳಗ್ಗೆ ಒಬ್ಬ ಮೇಡಂ ಬಂದರು. ಕೈಗೆ ಬಿಳಿ ಗವಸು ಹಾಕಿಕೊಂಡು, ಭೂತಗನ್ನಡಿ ಹಿಡಿದು, ಕೌದಿಯ ಸುತ್ತ ಮಂಡಿಯ ಮೇಲೆಯೇ ಒಂದು ಸುತ್ತು ಹಾಕಿದರು. ಬೋಳು ಜಾಗದ ಅಂಚಿಗೆ ಬಂದವರು ಅಲ್ಲೇ ನಿಂತುಬಿಟ್ಟರು.

"ಇಲ್ಲಿ ಹೊಲಿದು ಬಿಚ್ಚಿದಾರೆ. ಒಂದೆರಡು ಸಲ ಅಲ್ಲ. ಜರಡಿ ಥರ ಆಗಿದೆ ನೋಡಿ."

"ಅಮ್ಮನಿಗೆ ಕಣ್ಣು ಮಂಜಾಗಿತ್ತು, ಪಾಪ. ತಪ್ಪಾಗಿದ್ದನ್ನ ಬಿಚ್ಚಿರ್ಬೇಕು," ಎಂದ ಅಣ್ಣ.

"ತಪ್ಪೇನಿಲ್ಲ ಸರ್. ತೂತುಗಳ ಸಾಲು ಎಷ್ಟು ನೆಟ್ಟಗಿದೆ! ಮತ್ತೆ ಬಿಚ್ಚಿರೋದು ಒಬ್ಬರೇ ಅಲ್ಲ. ಮೂರು ಥರದ ಹಳೇ ದಾರದ ಎಳೆ ಸಿಕ್ಕಿಕೊಂಡಿದೆ."

ಹೀಗೇ ಕೊಡುವುದಾದರೆ ಸಂತೋಷವಾಗಿ ಒಯ್ಯುತ್ತೇವೆ, ಇನ್ನೊಂದು ಹೊಲಿಗೆಯೂ ಬೀಳಬಾರದು ಎಂದು ಹೇಳಿ ಹೋದರು. ಅಣ್ಣ ಗೇಟಿನವರೆಗೆ ಹೋಗಿ ಬಂದು ದೊಡ್ಡ ಮನಸ್ಸಿನಿಂದ ಹೇಳಿದ: "ನಿನ್ ಸ್ವತ್ತು ಗುಬ್ಬಿ. ತೀರ್ಮಾನ ನಿಂದೇ. ಆದ್ರೆ ಕೊಡ್ಬೇಡ."

ಮಧ್ಯಾಹ್ನ ಕೌದಿಯನ್ನು ಮಡಚಿಡಲು ಹೋದವಳು ಸುಮ್ಮನೆ ಅದರ ನಡುವೆ ಕೂತೆ. ಅಮ್ಮ ಇದ್ದಷ್ಟು ದಿನ ಅಲ್ಲಿ ಕೂತವಳಲ್ಲ. ಅಡಿಬಟ್ಟೆ ಮೂವರ ಭಾರಕ್ಕೆ ಸವೆದು ನುಣುಪಾಗಿತ್ತು, ಜಾಗ ನನ್ನ ಅಳತೆಗೇ ಮಾಡಿಸಿದಂತಿತ್ತು. ಕೈ ಸುಮ್ಮನಿರಲಾರದೆ ಒಂದು ತುಂಡು ತೆಗೆದುಕೊಂಡು ಹೊಲಿಯತೊಡಗಿದೆ.

ಹೊರಗೆ ಅಣ್ಣ ಏನನ್ನೋ ಕೇಳಲು ಬಾಯಿ ತೆರೆದು, ನನ್ನನ್ನು ನೋಡಿ, ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಸರಿದ. ಟಿವಿಯ ಸದ್ದು ತಗ್ಗಿತು. ಗುಬ್ಬಿ ಆ ಬಿಲ್ಲೆಲ್ಲಿ, ಗುಬ್ಬಿ ಈ ಕೀ ಎಲ್ಲಿ, ಯಾರೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಆ ಮನೆಯೊಳಗೆ ನನ್ನನ್ನು ಯಾರೂ ಕರೆಯದ ಮೊದಲ ಮಧ್ಯಾಹ್ನ ಅದು.

ಆಗ ಅರ್ಥವಾಯಿತು. ಕೌದಿ ಮುಗಿದರೆ ಏಳಬೇಕು. ಎದ್ದರೆ ಮತ್ತೆ ಅದೇ ಗಾಣ. ಅದಕ್ಕೇ ಅಮ್ಮ ಹೊಲಿದದ್ದನ್ನು ಬಿಚ್ಚಿದಳು, ಅವಳಮ್ಮ ಬಿಚ್ಚಿದಳು, ಸೂಜಿಯ ಕಟ್ಟಳೆ ಕಟ್ಟಿದ ಆ ಜಾಣೆ ಅಜ್ಜಿಯೂ ಬಿಚ್ಚಿದಳು. ಮೂರು ಜನ್ಮಕ್ಕೆ ಸೇರಿ ಅವರು ಸಂಪಾದಿಸಿದ್ದು ಒಂದು ಮೊಳದ ಬಿಡುವು. ಅಮ್ಮ ಅದನ್ನೇ ನನಗೆ ಬಿಟ್ಟು ಹೋಗಿದ್ದಳು. ಅವಳ ಮೇಲೆ ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಬಾಗಿಲು ಎಲ್ಲಿದೆ ಎಂದು ತೋರಿಸುವುದು ಬಿಟ್ಟು ಕೂರಲು ಚಾಪೆ ಕೊಟ್ಟು ಹೋಗಿದ್ದಳಲ್ಲ!

ಸೋಮವಾರ ಹೂಂ ಅನ್ನದಿದ್ದರೆ ಏನಾದೀತು ಎಂಬ ಯೋಚನೆ ಮೆಲ್ಲನೆ ಬಂತು. ಇಲ್ಲೇ ಹಾಯಾಗಿದೆಯಲ್ಲ. ಕೆಳಗೆ ನೋಡಿದರೆ ನನ್ನ ಬೆರಳು ಆಗಲೇ ಹೊಲಿದ ದಾರವನ್ನು ಸೂಜಿಯ ತುದಿಯಿಂದ ಎತ್ತಿ ಬಿಚ್ಚುತ್ತಿತ್ತು. ನಾನು ಹೇಳಿರಲಿಲ್ಲ, ಅದೇ ಶುರು ಮಾಡಿಕೊಂಡಿತ್ತು. ಬಿಚ್ಚಿದ್ದನ್ನು ಮತ್ತೆ ಬಿಗಿಯಾಗಿ ಹೊಲಿದು, ಗಂಟು ಹಾಕಿ, ದಾರ ಕಡಿದೆ. ಮ್ಯೂಸಿಯಮ್ಮಿಗೆ ಕೊಟ್ಟೇಬಿಡುತ್ತೇನೆ, ಗಾಜಿನ ಪೆಟ್ಟಿಗೆಯೊಳಗೆ ಯಾರೂ ಕೂರಲಾರರು ಎಂದುಕೊಂಡೆ.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತಿಗೆ. ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನಾನು ಕೂತ ಜಾಗವನ್ನು.

"ಅದನ್ನ ಕೊಡ್ಬೇಡ ಗುಬ್ಬಿ," ಎಂದರು.

"ನೀವೂ ಅಣ್ಣನ ಪಾರ್ಟಿನಾ?"

"ನೀನು ಹೋಗು. ಖಂಡಿತ ಹೋಗು. ಇದನ್ನ ಮಾತ್ರ ನನಗೆ ಬಿಟ್ಟು ಹೋಗು." ಸೆರಗಿನಿಂದ ಕೈ ಒರೆಸಿಕೊಂಡರು. "ಅತ್ತೆ ಇಲ್ಲಿ ಕೂತಾಗ ಎಷ್ಟು ಸಲ ಹಿಂಗೆ ನಿಂತು ನೋಡಿದೀನಿ ಗೊತ್ತಾ? ಒಂದ್ಸಲನಾದ್ರೂ ಬಾ, ಕೂತ್ಕೋ ಅನ್ಲಿಲ್ಲ. ಹೆಣ್ಣುಮಕ್ಕಳಿಗೆ ಬರೋ ಸ್ವತ್ತು, ಸೊಸೆಗಲ್ಲ ಅಂದ್ಬಿಟ್ರು."

"ಅತ್ತಿಗೆ, ಇದು ಒಳ್ಳೇದಲ್ಲ. ಇಲ್ಲಿ ಕೂತ್ರೆ ಏಳೋಕೆ ಮನಸ್ಸೇ ಬರಲ್ಲ."

"ಎದ್ದು ನಾನೆಲ್ಲಿಗೆ ಹೋಗ್ಲಿ?"

ಜಗಳದ ದನಿಯಲ್ಲ ಅದು, ನಿಜವಾಗಿ ಕೇಳಿದ್ದರು. ನನ್ನ ಬಳಿ ಒಂದು ಕೆಲಸವಿತ್ತು, ಒಂದು ಕಿಟಕಿಯಿತ್ತು. ಅವರ ಬಳಿ ಅವೆರಡೂ ಇರಲಿಲ್ಲ. ನುಂಗುವಂತಿಲ್ಲ, ಉಗುಳುವಂತಿಲ್ಲ. ಮ್ಯೂಸಿಯಮ್ಮಿಗೆ ಕೊಟ್ಟರೆ ಅವರ ಬಿಡುವನ್ನು ಕಿತ್ತುಕೊಂಡಂತೆ, ಇಲ್ಲೇ ಬಿಟ್ಟರೆ ನನ್ನ ಜಾಗದಲ್ಲಿ ಅವರನ್ನು ಕಟ್ಟಿಹಾಕಿದಂತೆ. ನಾನು ಎದ್ದೆ. ಜೋಮು ಹಿಡಿದ ಕಾಲು ನೆಲಕ್ಕೆ ಊರಲಿಲ್ಲ, ಅತ್ತಿಗೆಯೇ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ತಾವು ಕೂತರು. ಮೊದಲು ಅಂಚಿನಲ್ಲಿ, ಆಮೇಲೆ ಸರಿಯಾಗಿ ನಡುವೆ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. ಅಂಥ ಉಸಿರನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ.

ಹೊರಗಿನ ಕೋಣೆಯಿಂದ ಅಣ್ಣನ ದನಿ ಬಂತು. "ಯಾರಾದ್ರೂ ಸ್ವಲ್ಪ ಟೀ ಇಡ್ತೀರಾ?"

ನನ್ನ ಕಾಲು ರೂಢಿಯಂತೆ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟೇಬಿಟ್ಟಿತ್ತು. ಹಿಡಿದು ನಿಲ್ಲಿಸಿದೆ.

"ಅತ್ತಿಗೆ ಕೌದಿ ಮೇಲೆ ಕೂತಿದಾರೆ. ನಾನು ಆಸ್ಪತ್ರೆಯವರಿಗೆ ಹೂಂ ಅಂತ ಫೋನ್ ಮಾಡಕ್ಕೆ ಹೋಗ್ತಿದೀನಿ."

ಆಮೇಲೆ ಅಡುಗೆಮನೆಯಿಂದ ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ಮುಚ್ಚುವ ಸದ್ದು ಬಂತು. ಸಕ್ಕರೆ ಯಾವುದರಲ್ಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ನಾನು ಮೆಟ್ಟಿಲ ಮೇಲೆ ನಿಂತು ಫೋನ್ ಹಚ್ಚಿದೆ. ಆ ಕಡೆ ರಿಂಗಾಗುತ್ತಿತ್ತು. ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅತ್ತಿಗೆ ಸೂಜಿ ಕೈಗೆತ್ತಿಕೊಂಡಿದ್ದರು. ನಾನು ಬಿಗಿಯಾಗಿ ಹೊಲಿದು ಗಂಟು ಹಾಕಿದ್ದ ಸಾಲನ್ನು, ಆತುರವಿಲ್ಲದೆ, ಒಂದೊಂದೇ ಹೊಲಿಗೆಯಾಗಿ ಬಿಚ್ಚುತ್ತಿದ್ದರು.