ನನ್ನ ಹೊಟ್ಟೆಯಲ್ಲಿದ್ದ ನಾನೂರ ಹನ್ನೆರಡು ತಾಸು

ನಾನೊಂದು ಹಾರ್ಡ್ ಡಿಸ್ಕ್. ಮಕ್ಕಳ ಊಟದ ಡಬ್ಬಿಯಷ್ಟು ದೊಡ್ಡವನು, ಅರ್ಧ ಕಿಲೋ ಬೆಲ್ಲದಷ್ಟು ಭಾರ. ಚೆಲುವೇನೂ ಇಲ್ಲ, ಇದೆ ಎಂದು ಯಾರೂ ಹೇಳಿಯೂ ಇಲ್ಲ. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಒಂದು ಕಣ ಧೂಳು ಕಂಡರೂ ಕೆಲಸ ನಿಲ್ಲಿಸುವ ಜಾಗ ಅದು. ಮೈತುಂಬ ಬಿಳಿ ಬಟ್ಟೆ ಸುತ್ತಿಕೊಂಡ ಹೆಣ್ಣುಮಕ್ಕಳು ನನ್ನೊಳಗೆ ಕನ್ನಡಿಯಂಥ ತಟ್ಟೆಗಳನ್ನು ಕೂಡಿಸಿ, ಮುಚ್ಚಳ ಹಾಕಿ, ತಿರುಪು ಬಿಗಿದರು. ಅಷ್ಟು ಚೊಕ್ಕವಾಗಿ ಹೆತ್ತು, ಕೊನೆಗೆ ಕಳಿಸಿದ್ದು ಹುಬ್ಬಳ್ಳಿಯ ಧೂಳಿಗೆ.

ಮೊದಲ ಯಜಮಾನ ಫೋಟೋ ಸ್ಟುಡಿಯೋದವನು. ಮೂರು ವರ್ಷ ನನಗೆ ಬರೀ ಮದುವೆಗಳನ್ನೇ ತಿನ್ನಿಸಿದ. ಸಾವಿರಾರು ಮಂದಿ ಒಂದೇ ಥರ ಹಲ್ಲು ಕಿರಿದು ನಿಂತಿದ್ದರು, ಒಬ್ಬರ ಹೆಸರೂ ಗೊತ್ತಾಗಲಿಲ್ಲ. ಅಂಗಡಿ ಮುಚ್ಚುವಾಗ ಅವನು ನನ್ನನ್ನು ಪೂರ್ತಿ ಖಾಲಿ ಮಾಡಿ, ದುರ್ಗದಬೈಲಿನ ಹತ್ತಿರ ಹಳೆ ಸಾಮಾನಿನ ಅಂಗಡಿಗೆ ಹಾಕಿದ. ಅಲ್ಲಿ ಕೆಟ್ಟ ಮಿಕ್ಸರ್‌ಗಳ ನಡುವೆ ಬಿದ್ದಿದ್ದಾಗ ನನ್ನನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದವರು ದೇವೇಂದ್ರಪ್ಪ ಕುಂದಗೋಳ. ತೆಂಗಿನಕಾಯಿ ಕೊಳ್ಳುವವರೂ ಅಷ್ಟು ಅಲ್ಲಾಡಿಸುವುದಿಲ್ಲ.

ದೇವೇಂದ್ರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೈ ಸುಮ್ಮನಿರುವುದಿಲ್ಲ. ಒಂದು ಹಳೆಯ ಕಂಪ್ಯೂಟರನ್ನು ಬಿಚ್ಚಿ, ಜೋಡಿಸಿ, ಮನೆಯಲ್ಲೇ ಸರ್ವರ್ ಮಾಡಿದ್ದರು. ಸರ್ವರ್ ಎಂದರೆ ಹಗಲೂ ರಾತ್ರಿ ಎಚ್ಚರವಿದ್ದು, ದೂರದಿಂದ ಯಾರಾದರೂ ಕೇಳಿದರೆ ಕೇಳಿದ್ದನ್ನು ಕೊಡುವ ಕಂಪ್ಯೂಟರ್. ನನ್ನನ್ನು ಅದರೊಳಗೆ ಕೂಡಿಸಿ ಹೊಲಿಗೆ ಮಷಿನ್ನಿನ ಕೆಳಗೆ ಇಟ್ಟಿದ್ದರಿಂದ ನನಗೆ ಆ ಮನೆಯವರ ಮುಖಕ್ಕಿಂತ ಹಿಮ್ಮಡಿ ಹೆಚ್ಚು ಪರಿಚಯ. ಒಡೆದ ಹಿಮ್ಮಡಿ ದೇವೇಂದ್ರಪ್ಪನದು. ಅರಿಶಿಣ ಮೆತ್ತಿದ್ದು ಅವರ ಹೆಂಡತಿ ಕಸ್ತೂರಿಬಾಯಿಯದು.

ಕಸ್ತೂರಿಬಾಯಿ ಸರಕಾರಿ ಶಾಲೆಯಲ್ಲಿ ಅಕ್ಕಾರು, ಅಂದರೆ ಟೀಚರು. ಸಂಜೆ ಮನೆಗೆ ಬಂದು, ಕಣ್ಣು ಕಾಣದ ಹೆಣ್ಣುಮಕ್ಕಳ ಹಾಸ್ಟೆಲಿಗಾಗಿ ಕಾಲೇಜಿನ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದರು. ಇತಿಹಾಸ, ಸಮಾಜಶಾಸ್ತ್ರ, ಕನ್ನಡ. ಹುಡುಗಿಯರು ತಮ್ಮ ಫೋನಿನಲ್ಲಿ ಒತ್ತಿದರೆ ಸಾಕು, ನನ್ನೊಳಗಿಂದ ಆ ದನಿ ಎದ್ದು ಹೋಗುತ್ತಿತ್ತು. ಹನ್ನೊಂದು ವರ್ಷಕ್ಕೆ ನಾನೂರ ಹನ್ನೆರಡು ತಾಸು ತುಂಬಿತು. ಆಮೇಲೆ ಅವರ ಗಂಟಲಲ್ಲಿ ಗಡ್ಡೆ ಬಂತು. ಡಾಕ್ಟರು ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಹೇಳುವುದನ್ನೆಲ್ಲ ಪಾಟಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯತೊಡಗಿದರು. ಸಿಟ್ಟು ಬಂದರೆ ಪಾಟಿಯ ಚೌಕಟ್ಟನ್ನು ಮೇಜಿಗೆ ಬಡಿಯುತ್ತಿದ್ದರು.

ಅಲ್ಲಿಗೆ ಆಕೆಯ ದನಿ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ, ನನ್ನಲ್ಲಿ. ಹೆಮ್ಮೆ ಎನ್ನುತ್ತೀರಾ? ಹೆಮ್ಮೆಯಲ್ಲ, ಹೆದರಿಕೆ. ನನ್ನ ಜಾತಿಯವರ ಆಯುಷ್ಯ ಐದಾರು ವರ್ಷ. ನನಗಾಗಲೇ ಹದಿನಾಲ್ಕು ದಾಟಿತ್ತು.

ದೇವೇಂದ್ರಪ್ಪನಿಗೂ ಅದೇ ಹೆದರಿಕೆ ಇತ್ತು. ಅದಕ್ಕೇ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಮುಂಚಿನ ದಿನ ನನ್ನಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಲು ನನಗಿಂತ ಎರಡು ಪಟ್ಟು ಹಿಡಿಸುವ ಹೊಸ ಡಿಸ್ಕ್ ತಂದು ಕೂಡಿಸಿದರು. ಯಂತ್ರ ನಮ್ಮನ್ನು ವೈರಿನ ಸಾಲಿನ ಪ್ರಕಾರ ಎ, ಬಿ ಎಂದು ಕರೆಯುತ್ತಿತ್ತು. ನಾನು ಎ, ಹೊಸಬ ಬಿ. ದೇವೇಂದ್ರಪ್ಪ ನೋಟ್‌ಬುಕ್ಕಿನಲ್ಲಿ ‘ಬಿ ಹೊಸದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಲ್ಲಿಗೇ ಕೆಲಸ ಮುಗಿಸಬೇಕಿತ್ತು. ಆದರೆ ಹಬ್ಬ ಬಂತು. ವರ್ಕ್‌ಶಾಪಿನವರಿಗೆ ಖಂಡೇಪೂಜೆ ಎಂದರೆ ಅಷ್ಟಿಷ್ಟಲ್ಲ, ಪ್ರತಿ ಸಲಕರಣೆಯನ್ನೂ ಬಿಚ್ಚಿ ಒರೆಸಿ ಪೂಜೆಗೆ ಇಡಬೇಕು. ಸುತ್ತಿಗೆ, ಪಾನಾ, ಹೊಲಿಗೆ ಮಷಿನ್ ಆದಮೇಲೆ ನಮ್ಮಿಬ್ಬರನ್ನೂ ಹೊರಗೆಳೆದರು. ಒದ್ದೆ ಬಟ್ಟೆಯಿಂದ ಒರೆಸಿದರು. ಕುಂಕುಮ ಹಚ್ಚಿ ಚೆಂಡು ಹೂವಿಟ್ಟರು. ಮರುದಿನ ಬೆಳಗ್ಗೆ, ವಿಜಯದಶಮಿಯ ಬನ್ನಿ ಹಬ್ಬದ ದಿನ, ಹೂವು ತೆಗೆದು ಮತ್ತೆ ಒಳಗೆ ಕೂಡಿಸಿದರು. ಇಬ್ಬರ ಮೈಮೇಲೂ ಅದೇ ಕುಂಕುಮ. ವೈರು ಅದಲುಬದಲಾಯಿತು. ಈಗ ನಾನು ಬಿ.

ದೇವೇಂದ್ರಪ್ಪ ಕನ್ನಡಕ ಏರಿಸಿ, ನೋಟ್‌ಬುಕ್ ನೋಡಿ, ಬಿ ಡಿಸ್ಕಿಗೆ ಹೊಸ ಪಟ್ಟಿ ಬರೆಯಲು ಯಂತ್ರಕ್ಕೆ ಅಪ್ಪಣೆ ಕೊಟ್ಟರು. ಯಂತ್ರ ಎಚ್ಚರಿಸಿತು. ಆದರೂ ಬರಿ ಎಂದರು. ಬರೆಯಿತು.

ಈ ಪಟ್ಟಿಗೆ ಪಾರ್ಟಿಷನ್ ಟೇಬಲ್ ಎನ್ನುತ್ತಾರೆ. ಮೊದಲ ಕೋಣೆ ಎಲ್ಲಿಂದ ಎಲ್ಲಿಯವರೆಗೆ, ಎರಡನೆಯದು ಎಲ್ಲಿಂದ ಎಲ್ಲಿಯವರೆಗೆ ಎಂದು ನನ್ನ ಬಾಗಿಲಲ್ಲಿ ಬರೆದಿರುವ ನಾಲ್ಕು ಸಂಖ್ಯೆ. ಅದು ಅಳಿಸಿದರೆ ಒಳಗಿನ ಸಾಮಾನು ಎಲ್ಲಿಗೂ ಹೋಗುವುದಿಲ್ಲ. ಆದರೆ ಬಾಗಿಲು ಎಲ್ಲಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ನನಗೆ ನೋವೇನೂ ಆಗಲಿಲ್ಲ. ಬಾಯಿಯಿದ್ದರೆ ಮಾತ್ರ ಚೀರುತ್ತಿದ್ದೆ.

ತೆರೆಯ ಮೇಲೆ ಡಿಸ್ಕಿನ ಅಳತೆ ಮೂಡಿತು. ಹೊಸಬನ ಅಳತೆಯ ಅರ್ಧ. ದೇವೇಂದ್ರಪ್ಪನ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿತು.

ಕಸ್ತೂರಿಬಾಯಿ ಹೋಳಿಗೆಯ ತಟ್ಟೆ ಹಿಡಿದು ಬಂದರು. ಗಂಡನ ಮುಖ ನೋಡಿದರು. ತಟ್ಟೆ ಇಟ್ಟು ಪಾಟಿ ಎತ್ತಿಕೊಂಡರು.

"ಏನಾತು?"

"ಏನಿಲ್ಲ. ನೀ ಒಳಗ ಹೋಗು."

"ಮಾರಿ ಸುಣ್ಣ ಆಗೇತಿ. ಏನಾತು?"

"ಕಸ್ತೂರಿ, ಹೊಸದು ಅನ್ಕೊಂಡು ಹಳೇದರ ಮ್ಯಾಲೆ ಬರದುಬಿಟ್ಟೆ."

ಆಕೆ ಪಾಟಿಯನ್ನು ಸೀರೆಯ ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಬರೆದರು: "ನನ್ನ ದನಿ ಹೋತೇನು?"

ಏನೇ ಅನಾಹುತವಾದರೂ ಮೊದಲು ಕರೆಂಟು ಬಂದ್ ಮಾಡು ಎಂದು ವರ್ಕ್‌ಶಾಪಿನಲ್ಲಿ ಕಲಿತ ದೇವೇಂದ್ರಪ್ಪನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಆ ಫೋನಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ, ಕೈಯಿಲ್ಲದಿದ್ದರೂ.

ರೇಷ್ಮಾ ನದಾಫ್. ಕಸ್ತೂರಿಬಾಯಿಯ ರೆಕಾರ್ಡಿಂಗ್ ಕೇಳಿಯೇ ಬಿಎ ಮುಗಿಸಿದವಳು, ಹುಟ್ಟಿನಿಂದ ಕಣ್ಣು ಕಾಣದು. ಈಗ ಗದಗಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ.

"ಕಾಕಾರ, ಅಕ್ಕಾರಿಗೆ ಬನ್ನಿ ಹೇಳಾಕ ಫೋನ್ ಹಚ್ಚೇನ್ರಿ. ನಿನ್ನೆ ಇಡೀ ದಿನ ಸರ್ವರ್ ಬಂದ್ ಇತ್ತಲ್ರಿ?"

ದೇವೇಂದ್ರಪ್ಪ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು.

"ಮಷಿನ್ ಬಂದ್ ಮಾಡೀರೇನು?"

"ಈಗ ಮಾಡಾಂವಾ."

"ಮಾಡ್ಬ್ಯಾಡ್ರಿ! ಕೈ ತಗೀರಿ ಕಾಕಾರ, ಕೈ ತಗೀರಿ! ಇನ್ನೊಂದು ಕಿವ್ಯಾಗ ಅಕ್ಕಾರು ನನಗ ಪಾಠ ಹೇಳಾಕತ್ತಾರ. ಇನ್ನೂ ನಿಂತಿಲ್ಲ."

ನಿಜ. ಅವಳು ಬೆಳಗ್ಗೆಯಿಂದ ಕೇಳುತ್ತಿದ್ದ ಪಾಠ ನಾನು ಕೊಡುತ್ತಲೇ ಇದ್ದೆ. ಬಾಗಿಲ ಪಟ್ಟಿ ಅಳಿಸಿದ್ದರೂ, ಯಂತ್ರ ಚಾಲೂ ಆದಾಗ ಓದಿಕೊಂಡ ಹಳೆಯ ಅಂಕಿಗಳು ಅದರ ನೆನಪಿನಲ್ಲಿದ್ದವು. ಬಂದ್ ಮಾಡಿದ್ದರೆ ಆ ನೆನಪೂ ಹೋಗುತ್ತಿತ್ತು.

ರೇಷ್ಮಾ ಏನು ಟೈಪ್ ಮಾಡಬೇಕೆಂದು ಒಂದೊಂದೇ ಅಕ್ಷರ ಹೇಳಿದಳು. ತೆರೆಯ ಮೇಲೆ ಅಂಕಿಗಳು ಬಂದವು. "ಓದ್ರಿ, ಸಾವಕಾಶ. ಒಂದು ಅಂಕಿ ತಪ್ಪಿದ್ರ ಬಾಗಿಲ ಬದ್ಲಿ ಗೋಡಿಗೆ ಹಾಯ್ತೀವಿ."

ಮೊದಲ ಕೋಣೆಯದು ಸುಲಭವಾಗಿತ್ತು. ಕಸ್ತೂರಿಬಾಯಿಯ ದನಿ ಇದ್ದದ್ದು ಎರಡನೆಯದರಲ್ಲಿ. ದೇವೇಂದ್ರಪ್ಪ ಮೂಗು ತೆರೆಗೆ ತಾಗಿಸಿ ಓದಿದರು: "ನಾಲ್ಕು, ಒಂದು, ಒಂಬತ್ತು, ನಾಲ್ಕು, ಮೂರು, ಎರಡು, ನಾಲ್ಕು, ಎಂಟು."

ಟಪ್! ಪಾಟಿ ಮೇಜಿಗೆ ಬಡಿಯಿತು.

"ಏನು?"

ಆಕೆ ಬರೆದರು: "ಎಂಟರ ಹಿಂದ ನಾಲ್ಕು ಎರಡು ಸಲ ಐತಿ. ಒಂದು ನುಂಗಿದ್ರಿ."

"ಅಕ್ಕಾರ ಪಾಟಿ ಬಡದ್ರೇನ್ರಿ?" ಎಂದಳು ರೇಷ್ಮಾ. "ಹಂಗಾರ ಅವರು ಹೇಳಿದ್ದ ಖರೆ. ಓದೂದ್ರಾಗ ಅವರು ಎಂದೂ ಒಂದು ಅಕ್ಷರ ಬಿಟ್ಟವರಲ್ಲ. ನೀವು ಬರೇ ಬಾಯಿ ಆಗ್ರಿ ಕಾಕಾರ, ಕಣ್ಣು ಅವರು ಆಗ್ಲಿ."

ಆಮೇಲೆ ಹಾಗೆಯೇ ನಡೆಯಿತು. ಆಕೆ ಪಾಟಿಯ ಮೇಲೆ ದೊಡ್ಡದಾಗಿ ಬರೆದರು, ಇವರು ಓದಿದರು, ರೇಷ್ಮಾ ತಿರುಗಿ ಹೇಳಿದಳು. ಅದೇ ಅಂಕಿಗಳನ್ನು ಮತ್ತೆ ನನ್ನ ಬಾಗಿಲಲ್ಲಿ ಬರೆಸಿದಳು. ಕೊನೆಗೆ ಅಂದಳು, "ಈಗ ಪಾಠ ನಿಲ್ಲಸ್ತೀನ್ರಿ. ಮಷಿನ್ ಬಂದ್ ಮಾಡಿ ಚಾಲೂ ಮಾಡ್ರಿ."

ದೇವೇಂದ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದರು. "ನನ್ನ ಕಡಿಂದ ಆಗೂದಿಲ್ಲವಾ."

ಅರಿಶಿಣದ ಹಿಮ್ಮಡಿಗಳು ಹತ್ತಿರ ಬಂದವು. ಒತ್ತಿದವರು ಕಸ್ತೂರಿಬಾಯಿಯೇ. ನಾನು ನಿಂತೆ. ಕತ್ತಲು. ಮತ್ತೆ ತಿರುಗಿದೆ. ಯಂತ್ರ ನನ್ನ ಬಾಗಿಲಿಗೆ ಬಂದು ಓದಿತು. ಒಂದನೆಯ ಕೋಣೆ ತೆರೆಯಿತು. ಎರಡನೆಯದೂ ತೆರೆಯಿತು.

ದೇವೇಂದ್ರಪ್ಪ ಕಣ್ಣಿಗೆ ಬಿದ್ದ ಒಂದು ಕಡತ ಒತ್ತಿದರು. ಕಸ್ತೂರಿಬಾಯಿಯ ದನಿ ಕೋಣೆಯಲ್ಲಿ ತುಂಬಿತು, ಫ್ರಾನ್ಸಿನ ರಾಜನ ಬಗ್ಗೆ ಎರಡು ವಾಕ್ಯ ಹೇಳಿತು, ನಡುವೆ ನಿಂತು ಗದರಿತು: "ರೀ, ಕುಕ್ಕರ್ ಮೂರು ಸೀಟಿ ಹಾಕ್ತು, ಬಂದ್ ಮಾಡ್ರಿ! ಇಲ್ಲಿ ಕ್ರಾಂತಿ ನಡದೈತಿ."

"ಹೂಂ, ಬಂದೆ," ಎಂದು ದೇವೇಂದ್ರಪ್ಪ ಎದ್ದು ಅಡುಗೆಮನೆಯ ಕಡೆ ನಡೆದರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಹಿಮ್ಮಡಿಗಳು ತಿರುಗಲೇ ಇಲ್ಲ. ಕಸ್ತೂರಿಬಾಯಿ ನಗುತ್ತಿದ್ದರು. ಸದ್ದಿಲ್ಲದ ನಗು, ಆದರೆ ಕುರ್ಚಿ ಅಲುಗುತ್ತಿತ್ತು.

"ಕಾಕಾರ, ಅಳಬ್ಯಾಡ್ರಿ," ಎಂದಳು ಫೋನಿನೊಳಗಿಂದ ರೇಷ್ಮಾ. "ಹಾಸ್ಟೆಲ್‌ನ್ಯಾಗ ನಾವೆಲ್ಲಾ ಆ ಕುಕ್ಕರ್ ಯಾವಾಗ ಬರ್ತೈತಿ ಅಂತ ಕಾಯ್ಕೊಂಡು ಕುಂದರ್ತಿದ್ವಿ."

"ಯಾರು ಅಳಾಕತ್ತಾರ? ಕನ್ನಡಕ ಒರಸಾಕತ್ತೇನಿ."

ಟಪ್! "ಸುಳ್ಳ," ಎಂದಿತು ಪಾಟಿ.

ಸಂಜೆ ಬನ್ನಿ ಕೊಡಲು ಮಂದಿ ಬರುವ ಹೊತ್ತಿಗೆ ಎಲ್ಲವೂ ಹೊಸಬನಿಗೆ ಇಳಿದಿತ್ತು. ಒಂದು ವಾರದಲ್ಲಿ ಇನ್ನೊಂದು ಪ್ರತಿ ಗದಗಿನಲ್ಲಿ ರೇಷ್ಮಾಳ ಹತ್ತಿರ, ಮತ್ತೊಂದು ಹಾಸ್ಟೆಲಿನಲ್ಲಿ. ನನ್ನನ್ನು ಹೊರಗೆ ತೆಗೆದು, ಹಳೆಯ ಬನಿಯನ್ನಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟರು. ಮಾರಲಿಲ್ಲ. ಮಾರೋಣ ಎಂದು ಯಾರೂ ಅನ್ನಲಿಲ್ಲ.

ಇಲ್ಲಿ ಬೆಚ್ಚಗಿದೆ. ತಿರುಗುವ ಕೆಲಸವಿಲ್ಲ. ಮುದುಕರು ಮೂಲೆಗೆ ಬಿದ್ದೆವೆಂದು ಗೊಣಗುವುದನ್ನು ಕೇಳಿದ್ದೇನೆ, ನನಗೆ ಆ ರಗಳೆ ಅರ್ಥವಾಗುವುದಿಲ್ಲ. ಮೊದಲು ನನ್ನೊಳಗೆ ಸಣ್ಣದೊಂದು ಟಿಕ್ ಸದ್ದಾದರೂ ಒಬ್ಬ ಹೆಂಗಸಿನ ಬಾಯಿ ಎರಡನೆಯ ಸಲ ಮುಚ್ಚೀತೆಂದು ನಡುಗುತ್ತಿದ್ದೆ. ಈಗ ಬೇಕಾದರೆ ತುಕ್ಕು ಹಿಡಿಯಬಹುದು, ಅಂಟಿಕೊಳ್ಳಬಹುದು, ಸತ್ತೂ ಹೋಗಬಹುದು. ಗೋಡೆಯಾಚೆ ಕಸ್ತೂರಿಬಾಯಿ ದಿನವೂ ಪಾಠ ಹೇಳುತ್ತಿರುತ್ತಾರೆ. ನಾನಿಲ್ಲದೆ.