ಮುಂಗಡ ನಿಧನ ವಾರ್ತೆ

ವಿಜಯಪುರದ ಮರ್ಯಾದಸ್ಥರು ಸಾಯುವುದಕ್ಕೆ ಮುಂಚೆ ಒಮ್ಮೆಯಾದರೂ ರಾಜಾರಾಮನ ಪ್ರೆಸ್ಸಿಗೆ ಹೋಗಿ ಬರುತ್ತಾರೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಮಗ್ಗುಲಿಗೆ ಆ ಪ್ರೆಸ್ಸು. ಒಳಗಿನ ಗೋಡೆಗೆ ಉದ್ದಾನುದ್ದ ಹಲಗೆ ಹೊಡೆದಿದ್ದಾರೆ. ಹಲಗೆಯ ಮೇಲೆ, ಸೀಸದ ಅಚ್ಚುಮೊಳೆಗಳಲ್ಲಿ ಜೋಡಿಸಿ ಸುತ್ತ ದಾರ ಬಿಗಿದಿಟ್ಟ ನಿಧನ ವಾರ್ತೆಗಳು ಸಾಲಾಗಿ ಕೂತಿವೆ. ಎಲ್ಲವೂ ಇನ್ನೂ ಬದುಕಿರುವವರವು. ದಿನಾಂಕದ ಜಾಗ ಮಾತ್ರ ಖಾಲಿ.

ಇದನ್ನು ಅಪಶಕುನ ಎನ್ನುವವರಿಗೆ ಪತ್ರಿಕೆಯ ಕಷ್ಟ ಗೊತ್ತಿಲ್ಲ, ಬಿಡಿ. ದೊಡ್ಡ ಮನುಷ್ಯರು ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೇ ಪ್ರಾಣ ಬಿಡುತ್ತಾರೆ. ಆಗ ಕೂತು ಅವರ ಗುಣ ಹುಡುಕುತ್ತ ಹೋದರೆ ವಾರಪತ್ರಿಕೆ ಮರುವಾರವೂ ಹೊರಬೀಳುವುದಿಲ್ಲ. ಅದಕ್ಕೇ ರಾಜಾರಾಮ ಮುಂಗಡವಾಗಿ ಕಟ್ಟಿಡುತ್ತಿದ್ದ. ಸುದ್ದಿ ಹೇಗೋ ಊರಿಗೆ ಹಬ್ಬಿತು. ಜನ ತಮ್ಮದನ್ನು ತಾವೇ ಓದಿಕೊಂಡು ಹೋಗಲು ಬರತೊಡಗಿದರು. ಬಂದವರು ಸುಮ್ಮನೆ ಓದಿ ಹೋಗುತ್ತಾರೆಯೇ? ಬಬಲೇಶ್ವರದ ಚಂದ್ರಕಾಂತ, ಅಲ್ಲಿಯ ಸೊಸೈಟಿಯ ಮಾಜಿ ಅಧ್ಯಕ್ಷ, ವರ್ಷಕ್ಕೊಮ್ಮೆ ದ್ರಾಕ್ಷಿ ಬುಟ್ಟಿ ಹಿಡಿದು ಬಂದು ತನ್ನ ಸಾವನ್ನು ತಿದ್ದಿಸಿಕೊಳ್ಳುತ್ತಿದ್ದ. ಹೊಲದ ಸರಹದ್ದಿನ ಜಗಳವಾದ ವರ್ಷ ದುಃಖತಪ್ತರ ಪಟ್ಟಿಯಿಂದ ತಮ್ಮನ ಹೆಸರು ತೆಗೆಸಿದ. ರಾಜಿಯಾದ ವರ್ಷ ಮತ್ತೆ ಹಾಕಿಸಿದ, ಆದರೆ ಅಳಿಯಂದಿರ ಹಿಂದೆ.

ಹೀಗೆ ಕಟ್ಟಿಸಿಕೊಂಡವರು ಬೇಗ ಸಾಯುವುದಿಲ್ಲ ಎಂಬ ನಂಬಿಕೆಯೂ ಬೆಳೆಯಿತು. ರಾಜಾರಾಮ ಸಿಟ್ಟಿಗೆದ್ದು ಮೂಢನಂಬಿಕೆಯ ಮೇಲೆ ಖಾರವಾದ ಸಂಪಾದಕೀಯ ಬರೆದ. ಅದನ್ನು ಓದಿ, ಈ ಸಂಗತಿ ಗೊತ್ತಿಲ್ಲದಿದ್ದವರೂ ಬಂದರು.

ರಾಜಾರಾಮ ಬಿಜ್ಜರಗಿಯವನು. ಅಪ್ಪನ ಕುರಿ ಬಿಟ್ಟು ಹದಿಹರೆಯದಲ್ಲಿ ಶಹರಕ್ಕೆ ಬಂದು ಪ್ರಲ್ಹಾದ ಮಾಸ್ತರರ ಪ್ರೆಸ್ಸಿನಲ್ಲಿ ಕಸ ಹೊಡೆದ, ಮಸಿ ಹಚ್ಚಿದ, ಆಮೇಲೆ ಮೊಳೆ ಜೋಡಿಸಲು ಕಲಿತ. ಮಾಸ್ತರರು ಮುಪ್ಪಿನಲ್ಲಿ ಪ್ರೆಸ್ಸನ್ನು ಅವನ ಕೈಗೇ ಒಪ್ಪಿಸಿದರು. ಅವನು ವಾರಪತ್ರಿಕೆ ಶುರು ಮಾಡಿದ. ಸಂಪಾದಕ, ವರದಿಗಾರ, ಕಂಪೋಜಿಟರ್ ಮೂರೂ ತಾನೇ. ಅವನ ರೀತಿಯೇ ಬೇರೆ. ಸುದ್ದಿಯನ್ನು ಕಾಗದದ ಮೇಲೆ ಬರೆಯುವವನಲ್ಲ. ತಿಕೋಟಾದಲ್ಲಿ ಸಭೆ ನೋಡಿ ಬಂದು, ಅಂಗಿ ತೋಳು ಮಡಚಿ, ಮೊಳೆಯ ಖಾನೆಗಳ ಮುಂದೆ ನಿಂತನೆಂದರೆ ಸುದ್ದಿ ನೇರ ಸೀಸದಲ್ಲೇ ಇಳಿಯುತ್ತಿತ್ತು. ಪೆನ್ನು ಹಿಡಿದರೆ ಅವನಿಗೆ ಸಹಿ ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಈಗ ಪತ್ರಿಕೆಯೆಲ್ಲ ರಿಯಾಜನ ಅಂಗಡಿಯ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ರಾಜಾರಾಮ ಬಾಯಲ್ಲಿ ಹೇಳುತ್ತಾನೆ, ರಿಯಾಜ ಟೈಪು ಮಾಡುತ್ತಾನೆ. ನಿಧನ ವಾರ್ತೆ ಮಾತ್ರ ಇನ್ನೂ ಮೊಳೆಯದ್ದೇ. ಅದನ್ನೂ ಕಂಪ್ಯೂಟರಿಗೆ ಹಾಕುತ್ತೇನೆಂದಾಗ ಊರಿನ ಹಿರಿಯರು ಒಪ್ಪಲಿಲ್ಲ. ಸೀಸದಲ್ಲಿ ಸಾಯುವುದಕ್ಕೆ ಒಂದು ತೂಕವಿದೆ ಎಂಬುದು ಅವರ ವಾದ.

ಇನ್ನು ಅವನ ಹೆಂಡತಿ ಯಶೋಧರಾ. ಕಳ್ಳಕವಟಗಿಯವಳು, ಏಳನೆಯ ಇಯತ್ತೆ ಓದಿದವಳು. ಗಂಡ ಜೋಡಿಸುತ್ತಾನೆ, ಹೆಂಡತಿ ಬಿಚ್ಚುತ್ತಾಳೆ. ಅಚ್ಚಾದ ಮೇಲೆ ಆ ಮೊಳೆಗಳನ್ನೆಲ್ಲ ಒಂದೊಂದಾಗಿ ಮರಳಿ ಅದರದರ ಖಾನೆಗೆ ಹಾಕಬೇಕಲ್ಲ, ಇಲ್ಲದಿದ್ದರೆ ಮುಂದಿನ ವಾರ ಜೋಡಿಸಲು ಅಕ್ಷರವೆಲ್ಲಿ? ಮದುವೆಯಾದ ವರ್ಷದಿಂದ ಆ ಕೆಲಸ ಅವಳದು. ಹಲಗೆಯ ಮೇಲಿನವರು ಒಬ್ಬೊಬ್ಬರೇ ಸತ್ತು, ಅಚ್ಚಾಗಿ, ಅವಳ ಮಡಿಲ ಮುಂದೆ ಬಂದು ಬಿಚ್ಚಿಕೊಂಡು ಹೋಗಿದ್ದಾರೆ. ರಾಜಾರಾಮನ ಕೈಗೆ ಖಾನೆಯಿಂದ ತೆಗೆಯುವುದು ಗೊತ್ತು, ಇಡುವುದು ಗೊತ್ತಿಲ್ಲ. ಮಗಳು ವಿಶಾಖಾ ಹುಟ್ಟಿದ ಬಾಣಂತನಕ್ಕೆ ಯಶೋಧರಾ ತವರಿಗೆ ಹೋದಾಗ ಇವನೇ ಬಿಚ್ಚಲು ಹೋಗಿ, ಖಾನೆಗಳೆಲ್ಲ ಚುರುಮುರಿ ಕಲಸಿದಂತಾಗಿ, ಪತ್ರಿಕೆಯೇ ನಿಂತಿತ್ತು. 'ತಾಂತ್ರಿಕ ಕಾರಣ' ಎಂದು ಓದುಗರಿಗೆ ತಿಳಿಸಲಾಗಿತ್ತು.

ಹೋದ ಶ್ರಾವಣದಲ್ಲಿ ಯಶೋಧರಾಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯತೊಡಗಿತು. ಎದೆಯ ವಾಲ್ವ್ ಕೆಟ್ಟಿದೆ, ಆಪರೇಶನ್ ಆಗಬೇಕು ಎಂದರು ಡಾಕ್ಟರು. ವಿಶಾಖಾ ತಿಕೋಟಾದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಅವಳೇ ಓಡಾಡಿ ಮಿರಜದ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಸಿದಳು. ಅಪಾಯ ಎಷ್ಟು ಎಂದು ಕೇಳಿದ್ದಕ್ಕೆ ಡಾಕ್ಟರು, ವಯಸ್ಸಾಗಿದೆ ನೋಡಿ, ಎಂದಷ್ಟೇ ಹೇಳಿದರು. ರಾಜಾರಾಮ ಆ ವಾರ ಯಾರ ಜೊತೆಯೂ ಜಗಳವಾಡಲಿಲ್ಲ. ಓಣಿಯವರಿಗೆ ಅದರಿಂದಲೇ ಗಾಬರಿಯಾಯಿತು.

ಹೊರಡುವ ಮುನ್ನಾದಿನ ಯಶೋಧರಾ ಪ್ರೆಸ್ಸಿಗೆ ಬಂದು ತನ್ನ ಸ್ಟೂಲಿನ ಮೇಲೆ ಕೂತಳು.

"ನಂದೂ ಒಂದ್ ಕಟ್ರಿ," ಎಂದಳು.

ರಾಜಾರಾಮನಿಗೆ ಮೈಯೆಲ್ಲ ಉರಿಯಿತು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ತೋರಿಸಿ, ಇವರ ಮುಂದೆ ಕೂತು ಇಂಥ ಮಾತೇ, ಕಟ್ಟಿಸಿಕೊಂಡರೆ ಆಯುಷ್ಯ ಬೆಳೆಯುತ್ತದೆಂದು ನೀನೂ ನಂಬಿದೆಯಾ ಎಂದು ಸಂಪಾದಕೀಯವನ್ನೇ ಬಾಯಲ್ಲಿ ಒಪ್ಪಿಸಿದ. ಅವಳು ಕೇಳುವಷ್ಟು ಕೇಳಿದಳು.

"ಆಯುಷ್ಯದ ಸಲವಾಗಿ ಅಲ್ರಿ. ನಾ ಓದಬೇಕು. ಆಮ್ಯಾಲ ನೀವು ಏನ್ ಬರದ್ರಿ ಅಂತ ನನಗ ಯಾರ್ ಹೇಳ್ತಾರ?"

ರಾಜಾರಾಮ ಅಂಗಿ ತೋಳು ಮಡಚಿದ. ಖಾನೆಗಳ ಮುಂದೆ ನಿಂತ. ಗುರುತಿಲ್ಲದವರ ಬದುಕನ್ನೂ ಚಹಾ ಆರುವುದರೊಳಗೆ ಕಟ್ಟಿ ಮುಗಿಸುವ ಮನುಷ್ಯ, ಹೆಂಡತಿಯ ಹೆಸರು ಜೋಡಿಸಿ ನಿಂತುಬಿಟ್ಟ. ಕೊನೆಗೆ ಕೈ ತನಗೆ ರೂಢಿಯಿದ್ದ ದಾರಿ ಹಿಡಿಯಿತು. 'ಸರಳ ಸಜ್ಜನಿಕೆಯ, ಮಿತಭಾಷಿ, ಅಪಾರ ಬಂಧುಬಳಗವನ್ನು ಅಗಲಿದ್ದಾರೆ.' ಪ್ರೂಫು ತೆಗೆದು ಅವಳ ಕೈಗಿಟ್ಟ.

ಅವಳು ಕನ್ನಡಕ ಏರಿಸಿ ಓದಿ, ಇದು ಯಾರದು ಎಂದು ಕೇಳಿದಳು. ಈ ಸರಳ ಸಜ್ಜನಿಕೆಯನ್ನು ತಾನು ಬಿಚ್ಚೀ ಬಿಚ್ಚೀ ಆ ಮೊಳೆಗಳ ಮೂತಿಯೇ ಸವೆದಿದೆ, ಮೊನ್ನೆ ಸತ್ತ ಅಡತಿ ದಲಾಲನಿಗೂ ಇದನ್ನೇ ಹಾಕಿದ್ದಿರಿ ಎಂದಳು. ಅವನು ಎಲ್ಲ ಕೆಡವಿ ಮತ್ತೆ ನಿಂತ. ಈ ಸಲ ನಡುವೆ ಚಹಾ ಬಂದು ಆರಿಹೋಯಿತು. ಬಿಸಿಲು ಬಳೆ ಅಂಗಡಿಯಿಂದ ಇವನ ಹೊಸ್ತಿಲಿಗೆ ಬಂತು. ಎರಡನೆಯ ಪ್ರೂಫು ಗಿಡ್ಡದಾಗಿತ್ತು:

'ಯಶೋಧರಾ. ಈ ಪತ್ರಿಕೆಯ ಒಂದೊಂದು ಅಕ್ಷರವನ್ನೂ ಅದರದರ ಮನೆಗೆ ಮುಟ್ಟಿಸಿದವಳು. ಇವಳು ಬಿಚ್ಚಿಡದಿದ್ದರೆ ಸಂಪಾದಕನಿಗೆ ಬರೆಯಲು ಏನೂ ಇರುತ್ತಿರಲಿಲ್ಲ. ಇದನ್ನು ಅವನು ಇಲ್ಲಿಯವರೆಗೆ ಎಲ್ಲಿಯೂ ಅಚ್ಚು ಮಾಡಿಲ್ಲ. ಅವನಿಗೆ ಬಹಳ ನಾಚಿಕೆಯಾಗಿದೆ.'

ಯಶೋಧರಾ ಬಹಳ ಹೊತ್ತು ಓದಿದಳು. ಸೆರಗಿನಿಂದ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು. ಚಲೋ ಆಗಿದೆ ಎಂದಳು. ರಾಜಾರಾಮನಿಗೆ ಸಮಾಧಾನವಾಯಿತು. ದಾರ ಬಿಗಿದು ಹಲಗೆಗೆ ಇಡಲು ಎತ್ತಿದ.

"ಅಲ್ಲಿ ಇಡಬ್ಯಾಡ್ರಿ. ಬಿಚ್ರಿ," ಎಂದಳು. "ನೀವ ಬಿಚ್ರಿ. ನಾ ಇಲ್ಲೇ ಕುಂತು ಹೇಳ್ಕೊಡತೇನಿ. ನಾಳೆ ನಾ ಬರಲಿಲ್ಲ ಅಂದ್ರ, ಹಲಗಿ ಮ್ಯಾಲಿನೋರನ್ನ ಯಾರ್ ಬಿಚ್ಚಾವ್ರು?"

ಅವನು ಆ ಸೀಸದ ಗಂಟನ್ನು ಎದೆಗವಚಿಕೊಂಡು ನಿಂತ. ಜೀವಮಾನವಿಡೀ ಬೆಕ್ಕು ಅಡ್ಡ ಬಂದರೂ ನಿಲ್ಲದವನು.

"ನನಗ ಕಲಿಸಬ್ಯಾಡ," ಎಂದ. "ನಾ ಕಲತ್ರ ನೀ ಹೋಗ್ತಿ."

"ಹಂಗಂತ ಪತ್ರಿಕ್ಯಾಗ ಬರೀರಿ, ನೋಡೂಣು."

ಅವನು ಬರೆಯುವ ಹಾಗಿರಲಿಲ್ಲ. ಗ್ಯಾಲಿಯ ತಗಡಿನ ಮೇಲಿಟ್ಟು ದಾರ ಬಿಚ್ಚಿದ. ಹೆಸರು ಮುಟ್ಟಲು ಮನಸ್ಸಾಗದೆ ಕೆಳಗಿನ ಸಾಲಿನಿಂದ ಶುರು ಮಾಡಿದ. ನಾಚಿಕೆ ಮೊದಲು ಖಾನೆ ಸೇರಿತು. ಸಾಲನ್ನು ಎಡಗೈಯಲ್ಲಿ ಹಿಡಿಯಿರಿ, ಮೊದಲು ಓದಿ, ಆಮೇಲೆ ಬಿಡಿ, ಎಸೆಯಬೇಡಿ ಎಂದು ಅವಳು ಸ್ಟೂಲಿನ ಮೇಲಿಂದಲೇ ಹೇಳಿದಳು. ಅವನು ಪ ಖಾನೆಗೆ ಷ ಹಾಕಿದ. ತೆಗೆಸಿದಳು. ಮತ್ತೆ ಹಾಕಿದ, ಮತ್ತೆ ತೆಗೆಸಿದಳು. ಶಾಲೆಯ ಮಾಸ್ತರ ಕೂಡ ಅವನನ್ನು ಇಷ್ಟು ಗದರಿಸಿರಲಿಲ್ಲ. ಬರಬರುತ್ತ ಅವನ ಕೈ ನಿಧಾನವಾಯಿತು, ತಪ್ಪು ಕಡಿಮೆಯಾಯಿತು. ಅದನ್ನು ಕಂಡು ಅವಳಿಗೆ ಹಗುರವಾಯಿತು, ಅವನಿಗೆ ಹೆದರಿಕೆಯಾಯಿತು.

ಕೊನೆಗೆ ಹೆಸರಿನ ಸಾಲೊಂದೇ ಉಳಿಯಿತು. ಹೊರಗೆ ಹಾಲಿನವನು ಕೂಗಿದ, ಯಶೋಧರಾ ಬಾಗಿಲ ಕಡೆ ನೋಡಿದಳು. ತಿರುಗಿದಾಗ ಗ್ಯಾಲಿ ಖಾಲಿಯಾಗಿತ್ತು. ನನ್ನ ಹೆಸರೆಲ್ಲಿ ಎಂದು ಕೇಳಿದಳು. ಖಾನೆಗೆ ಹಾಕಿದೆ ಎಂದ. ಅಚ್ಚಿನಲ್ಲಿ ಎಂದೂ ಸುಳ್ಳು ಹೇಳದ ಸಂಪಾದಕನಿಗೆ ಬಾಯಲ್ಲಿ ಹೇಳುವುದು ಚೆನ್ನಾಗಿ ಬರುತ್ತಿರಲಿಲ್ಲ. ಅವಳು ಖಾನೆಗಳನ್ನು ನೋಡಿದಳು, ಅವನ ಅಂಗಿಯ ಜೋತುಬಿದ್ದ ಕಿಸೆ ನೋಡಿದಳು, ಆಮೇಲೆ ಗ್ಯಾಲಿ ಒರೆಸಿಟ್ಟಳು.

ಮರುದಿನ ನಸುಕಿನಲ್ಲಿ ವಿಶಾಖಾ ಕಾರು ತಂದಳು. ಮಿರಜದ ದಾರಿ ತಿಕೋಟಾದ ಮೇಲೆಯೇ ಹೋಗುತ್ತದೆ. ಅಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಯಶೋಧರಾ ಕಾರಿನಲ್ಲೇ ಕೂತಿದ್ದಳು. ಆಪರೇಶನ್ನಿಗೆ ಮುಂಚೆ ಏನೂ ಕುಡಿಯಬಾರದೆಂದು ಹೇಳಿದ್ದರು. ರಾಜಾರಾಮ ಅವಳ ಕಿಟಕಿಯ ಪಕ್ಕವೇ ನಿಂತು ಕಪ್ಪಿಗೆ ಕೈ ಚಾಚಿದ. ಬೆರಳೆಲ್ಲ ಕಪ್ಪಗಿದ್ದವು.

"ಕೈ ತೊಕ್ಕೋರಿ," ಎಂದಳು ಯಶೋಧರಾ. "ಸೀಸ ಐತಿ, ಚಾದ ಜೋಡಿ ಹೊಟ್ಟಿಗಿ ಹೋಗ್ತೈತಿ. ಎರಡೂ ಕೈ ತೊಕ್ಕೋರಿ."

ರಾಜಾರಾಮ ನಳದ ಹತ್ತಿರ ಹೋಗಿ ಒಂದು ಕೈ ತೊಳೆದ. ಇನ್ನೊಂದು ಕೈ ಕಿಸೆಯಲ್ಲೇ ಇತ್ತು.